ನಾರು ಕೊಳೆಸುವ ವಿದ್ಯೆ ಮತ್ತು ಕಿಣ್ವದ ಸ್ಫಟಿಕ: ಗಂಡಸಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಗ್ರಾಮೀಣ ತಂತ್ರಜ್ಞಾನದ ಚರಿತ್ರೆಯಲ್ಲಿ ನೇಗಿಲು, ಗಾಣ, ಮಗ್ಗಗಳಿಗೆ ದೊರೆತ ಸ್ಥಾನ ಹಗ್ಗಕ್ಕೆ ದೊರೆತಿಲ್ಲ. ಹಗ್ಗಕ್ಕೂ ಮೊದಲಿನ ಹಂತವಾದ ನಾರು ಕೊಳೆಸುವ ಕ್ರಿಯೆಯಂತೂ ಉಲ್ಲೇಖಕ್ಕೆ ಬಂದದ್ದೇ ವಿರಳ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯಂತಹ ರಾಗಿ-ತೆಂಗಿನ ಸೀಮೆಯಲ್ಲಿ ದನದ ಕಣ್ಣಿ, ಮೂಗುದಾರ, ಬಾವಿಹಗ್ಗ, ನೆಲುವುಗಳಿಲ್ಲದೆ ಬೇಸಾಯವೂ ಇಲ್ಲ, ಮನೆವಾರ್ತೆಯೂ ಇಲ್ಲ. ಬಯಲುಸೀಮೆಯ ರೈತರು ಇವುಗಳಿಗಾಗಿ ಪುಂಡಿ, ಸೆಣಬು, ಕತ್ತಾಳೆ, ತೆಂಗಿನ ನಾರುಗಳನ್ನು ಅವಲಂಬಿಸಿದ್ದರು.

ಸೆಣಬಿನ ಕಟ್ಟುಗಳನ್ನು ಕೆರೆಕಟ್ಟೆಗಳ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದು ವಾರದ ಆಸುಪಾಸು ಬಿಡುವುದು ವಾಡಿಕೆ. ಬೇಗ ತೆಗೆದರೆ ನಾರು ಬಿಡಿಸಿಬಾರದು. ತಡವಾದರೆ ನಾರೇ ಕೊಳೆತು ಹಗ್ಗ ಬಾಳದು. ನೀರಿನ ವಾಸನೆ, ಸಿಪ್ಪೆಯ ಜಾರುಗುಣಗಳಿಂದ ಹದವನ್ನು ಗುರುತಿಸಬೇಕು.

ಈ ಹದದ ಒಳಗುಟ್ಟು ವಿಜ್ಞಾನಕ್ಕೆ ತಿಳಿದದ್ದು ಹಂತಹಂತವಾಗಿ. ನಾರಿನ ಎಳೆಗಳನ್ನು ಬೆಸೆದಿರುವ ಅಂಟುಪದಾರ್ಥ ಪೆಕ್ಟಿನ್. ನೀರಿನೊಳಗಿನ ಬ್ಯಾಕ್ಟೀರಿಯಾಗಳು ಸ್ರವಿಸುವ ಕಿಣ್ವಗಳು ಮೊದಲು ಅದನ್ನು ಕರಗಿಸುತ್ತವೆ. ಅವಧಿ ಮೀರಿದರೆ ನಾರಿನ ಸೆಲ್ಯುಲೋಸಿಗೂ ಕೈಹಾಕುತ್ತವೆ. ಅಗಸೆನಾರನ್ನು ಕೊಳೆಸುವ ಬ್ಯಾಕ್ಟೀರಿಯಾವನ್ನು 1895ರಲ್ಲಿ ವಿನೊಗ್ರಾಡ್‌ಸ್ಕಿ ಮತ್ತು ಫ್ರೀಬ್ಸ್ ವರದಿ ಮಾಡಿದರು. ಕಿಣ್ವವನ್ನು ಸ್ಫಟಿಕವಾಗಿಸಬಹುದೆಂದು 1926ರಲ್ಲಿ ಜೇಮ್ಸ್ ಸಮ್ನರ್ ಮೊದಲು ತೋರಿಸಿದರು. ಆತ ಬಳಸಿದ್ದು ಒಂದು ಜಾತಿಯ ಅವರೆಯಿಂದ ಪಡೆದ ಯೂರಿಯೇಸ್. ಸ್ಫಟಿಕದಲ್ಲಿ ಕೋಟ್ಯಂತರ ಅಣುಗಳು ಒಂದೇ ಕ್ರಮದಲ್ಲಿ ಜೋಡಣೆಗೊಳ್ಳುವುದರಿಂದ, ಅದರ ಮೂಲಕ ಕ್ಷ-ಕಿರಣ ಹಾಯಿಸಿ ಪರಮಾಣುಗಳ ನೆಲೆಯನ್ನು ಲೆಕ್ಕಹಾಕಬಹುದು. ಪೆಕ್ಟಿನ್ ಒಡೆಯುವ ಬ್ಯಾಕ್ಟೀರಿಯಾ ಕಿಣ್ವವೊಂದರ ರಚನೆ ಈ ಮಾರ್ಗದಿಂದಲೇ 1993ರಲ್ಲಿ ಪ್ರಕಟವಾಯಿತು.

ಈ ಸಂಶೋಧನೆಯ ಸಮೀಪದ ಶಾಖೆಯೊಂದು ಕರ್ನಾಟಕದಲ್ಲಿಯೇ ಬೆಳೆದಿದೆ. ಹುಲ್ಲು, ಸಿಪ್ಪೆ, ಮರಗಳಲ್ಲಿ ಸೆಲ್ಯುಲೋಸಿನ ಜೊತೆಗಿರುವ ಕ್ಸೈಲಾನ್ ಎಂಬ ಪದಾರ್ಥವನ್ನು ಒಡೆಯುವ ಕಿಣ್ವ ಕ್ಸೈಲನೇಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಕುಮಾರ್ ಮತ್ತು ಸಂಗಡಿಗರು, ನವದೆಹಲಿಯ ಸಂಶೋಧಕರೊಡಗೂಡಿ, ಬ್ಯಾಸಿಲಸ್ ಕುಲದ ಎನ್‌ಜಿ-27 ಎಂಬ ಬ್ಯಾಕ್ಟೀರಿಯಾದ ಕ್ಸೈಲನೇಸನ್ನು ಸ್ಫಟಿಕೀಕರಿಸಿ, ಅದರ ರಚನೆಯನ್ನು 2006ರಲ್ಲಿ ಪ್ರಕಟಿಸಿದರು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಕ್ಷಾರೀಯ ದ್ರಾವಣದಲ್ಲಿ ಚುರುಕಾಗಿ ದುಡಿಯುವುದು ಈ ಕಿಣ್ವದ ವಿಶೇಷ. ಇಂತಹ ಕಿಣ್ವಗಳು ಕಾಗದದ ತಿರುಳನ್ನು ಬಿಳುಪುಗೊಳಿಸಲು ಬೇಕಾಗುವ ಕ್ಲೋರಿನ್ನನ್ನು ತಗ್ಗಿಸಬಲ್ಲವು.

ಪ್ರಯೋಗಾಲಯದ ಜ್ಞಾನವು ಕೆರೆಯಂಗಳದ ಜ್ಞಾನವನ್ನು ಅನಗತ್ಯಗೊಳಿಸಿತೆಂದು ಇದರಿಂದ ಭಾವಿಸಲಾಗದು. ಸ್ಫಟಿಕವು ಕಿಣ್ವದ ಆಕಾರವನ್ನು ತಿಳಿಸುತ್ತದೆ. ಯಾವ ನೀರಿನಲ್ಲಿ, ಯಾವ ಋತುವಿನಲ್ಲಿ, ಎಷ್ಟು ದಿನಕ್ಕೆ ನಾರು ಹದಕ್ಕೆ ಬರುವುದೆಂಬುದು ಜನರ ನೆನಪಿನಲ್ಲಿದೆ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಆ ನೆನಪಿಗೆ ಕೆಲಸವಿಲ್ಲದಂತಾಗಿದೆ. ಹಗ್ಗ ಹೊಸೆದ ಹಿರಿಯರೊಂದಿಗೆ ಹದದ ಪರಿಭಾಷೆಯೂ ಮರೆಯಾಗುತ್ತಿದೆ.

2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಮಿತಿಗಳಿಗೆ ವಹಿಸಿದ ಕಾರ್ಯಗಳಲ್ಲಿ ಸೂಕ್ಷ್ಮಜೀವಿಗಳ ಸಂರಕ್ಷಣೆಯೂ ಜೀವವೈವಿಧ್ಯ ಸಂಬಂಧಿ ಜ್ಞಾನದ ದಾಖಲೀಕರಣವೂ ಸೇರಿವೆ. ನಾರು ಕೊಳೆಸುವ ವಿದ್ಯೆಯಲ್ಲಿ ಇವೆರಡೂ ಒಂದೆಡೆ ಕೂಡಿವೆ. ಗ್ರಾಮದ ದಾಖಲೆಪುಸ್ತಕದಲ್ಲಿ ಗಿಡಮೂಲಿಕೆಗಳ ಹೆಸರಿನ ಪಕ್ಕದಲ್ಲಿ ನಾರು ಕೊಳೆಸಿದ ಕಟ್ಟೆಯ ಹೆಸರು, ಋತು, ದಿನಗಳ ಲೆಕ್ಕ, ಹದದ ಮಾತುಗಳು ಬರಹಕ್ಕೆ ಇಳಿಯಬೇಕು. ಬಲ್ಲವರು ಇರುವಾಗಲೇ ಕೈಗೊಳ್ಳಬೇಕಾದ ಈ ಕ್ಷೇತ್ರಕಾರ್ಯದ ಹೊಣೆ ಜಾನಪದ ವಿದ್ವಾಂಸರ ಮೇಲಿದೆ.