ಆಸ್ಪತ್ರೆಯ ಮರಣ ಪ್ರಮಾಣ: ಲೆಕ್ಕ ಹೇಗೆ, ಉಪಯೋಗವೇನು?

ಆಸ್ಪತ್ರೆಯಿಂದ ಬಿಡುಗಡೆಯಾದವರು ಮತ್ತು ಅಲ್ಲಿ ಮೃತಪಟ್ಟವರ ಒಟ್ಟು ಸಂಖ್ಯೆಯಲ್ಲಿ ಮೃತಪಟ್ಟವರು ಶೇಕಡಾ ಎಷ್ಟು ಎಂಬುದೇ ಆ ಆಸ್ಪತ್ರೆಯ ಒಟ್ಟು ಮರಣ ಪ್ರಮಾಣ. ಉದಾಹರಣೆಗೆ, 1000 ಮಂದಿಯಲ್ಲಿ 30 ಮಂದಿ ಸತ್ತರೆ ಅದು ಶೇ. 3. ಅವರಲ್ಲಿ 12 ಮಂದಿ ದಾಖಲಾದ 48 ಗಂಟೆಯೊಳಗೇ ಸತ್ತಿದ್ದರೆ, ಅವರನ್ನು ಎರಡೂ ಕಡೆಯಿಂದ ಕಳೆದಾಗ ಸಿಗುವ ನಿವ್ವಳ ಪ್ರಮಾಣ ಸುಮಾರು ಶೇ. 1.8.

ಹೋಲಿಕೆಯಲ್ಲಿ ಎಚ್ಚರ

ಕೊಯಮತ್ತೂರು ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತಿರುಪ್ಪೂರು, ನೀಲಗಿರಿ ಕಡೆಗಳಿಂದಲೂ ಕೈಮೀರಿದ ರೋಗಿಗಳು ಬರುತ್ತಾರೆ. 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಹೀಗಾಗಿ ದೊಡ್ಡಾಸ್ಪತ್ರೆಯಲ್ಲಿ ಸಾವು ಹೆಚ್ಚು ಎಂದ ಮಾತ್ರಕ್ಕೆ ಚಿಕಿತ್ಸೆ ಕೆಟ್ಟದ್ದು ಎನ್ನಲಾಗದು. ತಾಲೂಕು ಆಸ್ಪತ್ರೆಯಲ್ಲಿ ಕಡಿಮೆ ಎಂದರೆ ಅದು ಉತ್ತಮ ಎಂದೂ ಅಲ್ಲ.

ಮುನ್ನಂದಾಜು

ಹಿಂದಿನ ವರ್ಷಗಳ ದಾಖಲೆಯಿಂದ ವಯಸ್ಸು, ಕಾಯಿಲೆ, ದಾಖಲಾದಾಗಿನ ಸ್ಥಿತಿ ನೋಡಿ ಎಷ್ಟು ಸಾವು ಆಗಬಹುದೆಂದು ಅಂದಾಜಿಸುತ್ತಾರೆ. ಅಂದಾಜು 25 ಇದ್ದು, ಆದದ್ದು 30 ಆದರೆ ಅನುಪಾತ 120. ನೂರನ್ನು ಮೀರಿದರೆ ಅದು ತಪ್ಪಿನ ತೀರ್ಪಲ್ಲ, ತನಿಖೆಗೆ ಸೂಚನೆ. ಮಳೆಗಾಲದ ಜ್ವರ, ರಾತ್ರಿಯ ಅಪಘಾತಗಳ ಏರಿಳಿತ ಮೊದಲೇ ತಿಳಿದರೆ ಹಾಸಿಗೆ, ರಕ್ತ, ವೈದ್ಯರನ್ನು ಸಿದ್ಧವಾಗಿಡಬಹುದು.

ತಾಯಂದಿರ ಮರಣ ಪರಿಶೀಲನೆ

ತಮಿಳುನಾಡಿನಲ್ಲಿ 2004ರಿಂದ ಪ್ರತಿಯೊಬ್ಬ ಗರ್ಭಿಣಿ, ಬಾಣಂತಿಯ ಸಾವಿನ ಪರಿಶೀಲನೆ ಕಡ್ಡಾಯ. ಆಸ್ಪತ್ರೆಗೆ ಹೊರಡಲು ತಡವಾಯಿತೇ, ದಾರಿಯಲ್ಲಿ ತಡವಾಯಿತೇ, ಬಂದ ಮೇಲೆ ಚಿಕಿತ್ಸೆಗೆ ತಡವಾಯಿತೇ ಎಂದು ವಿಚಾರಿಸುತ್ತಾರೆ. ಮನೆಯವರ ಹೇಳಿಕೆಯನ್ನೂ ಪಡೆಯುತ್ತಾರೆ. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಇಲ್ಲಿ 2001-03ರಲ್ಲಿ 134 ಇದ್ದದ್ದು 2018-20ರಲ್ಲಿ 54ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಕರ್ನಾಟಕದಲ್ಲಿ 228ರಿಂದ 69ಕ್ಕೆ ಇಳಿದಿದೆ. 24 ಗಂಟೆಯ ಹೆರಿಗೆ ಕೇಂದ್ರಗಳು, ರಕ್ತ ಸಂಗ್ರಹ, 2008ರಲ್ಲಿ ಬಂದ 108 ಆಂಬುಲೆನ್ಸ್ ಇವೂ ಇದಕ್ಕೆ ನೆರವಾಗಿವೆ.

ಕುಟುಂಬದವರು ಗಮನಿಸಬೇಕಾದ್ದು

ಸಾವಿನ ಕಾರಣದ ಪ್ರಮಾಣಪತ್ರಕ್ಕೆ ವೈದ್ಯರು ಶುಲ್ಕ ಪಡೆಯುವಂತಿಲ್ಲ. ಅದರಲ್ಲಿ 'ಹೃದಯ ನಿಂತಿತು' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ, ಮೂಲ ಕಾಯಿಲೆ ನಮೂದಾಗಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ವಿಚಾರಣೆಗೆ ಬಂದವರಿಗೆ ನೋವು ಕಾಣಿಸಿದ ಹೊತ್ತು, ಹೊರಟ ಹೊತ್ತು, ತಲುಪಿದ ಹೊತ್ತು ಸರಿಯಾಗಿ ತಿಳಿಸಿದರೆ, ಮುಂದೆ ಅದೇ ದಾರಿಯಲ್ಲಿ ಬರುವ ಇನ್ನೊಬ್ಬ ಗರ್ಭಿಣಿಯ ಜೀವ ಉಳಿಯಬಹುದು.