ಜಿನೀವಾದ ಭವಿಷ್ಯವಾಣಿಯೂ ಶೀಘ್ರಗಾಮಿ ಅಯಾನುಗಳೂ

ಗ್ರಾಂಟ್ ರೋಡ್ ನಿಲ್ದಾಣದಿಂದ ಪಶ್ಚಿಮಕ್ಕೆ ನಡೆದರೆ ಗೋವಾಲಿಯಾ ಟ್ಯಾಂಕ್ ಮೈದಾನವು ಸಿಗುತ್ತದೆ. 1942ರ ಆಗಸ್ಟ್ 8ರಂದು ಅಲ್ಲಿ ನಡೆದುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಅಲ್ಲಿಂದ ಅನತಿದೂರದ ಪೆಡ್ಡರ್ ರಸ್ತೆಯಲ್ಲಿದ್ದ ‘ಕೆನಿಲ್‌ವರ್ತ್’ ಎಂಬ ಮನೆಯ ಸಂಗತಿಯಾದರೋ ಅಷ್ಟು ಪ್ರಸಿದ್ಧವಲ್ಲ. 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆರಂಭವಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಅದೇ ವರ್ಷ ಮುಂಬಯಿಗೆ ಬಂದು ಈ ಮನೆಯಲ್ಲಿ ನೆಲೆಗೊಂಡಿತು. ಸಂಸ್ಥಾಪಕರಾದ ಹೋಮಿ ಭಾಭಾ ಅವರು ಹುಟ್ಟಿದ ಮನೆಯೂ ಅದೇ.

1955ರ ಆಗಸ್ಟ್‌ನಲ್ಲಿ ಜಿನೀವಾದ ಪರಮಾಣು ಶಕ್ತಿ ಸಮ್ಮೇಳನದ ಅಧ್ಯಕ್ಷಪೀಠದಿಂದ ಭಾಭಾ ಅವರು, ಬೈಜಿಕ ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ಮಾರ್ಗವು ಎರಡು ದಶಕಗಳೊಳಗೆ ದೊರೆಯುವುದೆಂದು ನುಡಿದರು. ಆ ಅವಧಿಯು ಕಳೆದು ಬಹುಕಾಲವಾಯಿತು. ಅದನ್ನು ಅವಸರದ ಮಾತೆಂದು ನಗುವವರುಂಟು. ಆದರೆ 1958ರ ಎರಡನೆಯ ಜಿನೀವಾ ಸಮ್ಮೇಳನದವರೆಗೂ ಈ ಸಂಶೋಧನೆಯು ಬಹುಮಟ್ಟಿಗೆ ಗುಪ್ತವಾಗಿದ್ದಿತು. ಪ್ಲಾಸ್ಮಾ ಎಂಬ ಕಾದ ಅನಿಲವು ತನ್ನೊಳಗೇ ತರಂಗಗಳನ್ನೆಬ್ಬಿಸಿಕೊಂಡು ಕಾಂತಕ್ಷೇತ್ರದ ಪಂಜರದಿಂದ ಹೇಗೆಲ್ಲ ತಪ್ಪಿಸಿಕೊಳ್ಳಬಲ್ಲುದೆಂಬುದು ತರುವಾಯ ತಿಳಿದುಬಂದ ವಿಷಯ. ಅದರ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸಬಹುದು.

ಡ್ಯೂಟೀರಿಯಂ, ಟ್ರೀಷಿಯಂಗಳು ಕೂಡಿದಾಗ ಹುಟ್ಟುವ ಹೀಲಿಯಂ ಅಯಾನಿಗೆ 35 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿರುತ್ತದೆ. ಅದು ಒಳಗೇ ಸುತ್ತುತ್ತ ಈ ಶಕ್ತಿಯನ್ನು ಮೆಲ್ಲಗೆ ಹಂಚಿದರೆ ಮಾತ್ರ ಪ್ಲಾಸ್ಮಾ ತನ್ನ ಬಿಸಿಯನ್ನು ತಾನೇ ಕಾಯ್ದುಕೊಂಡೀತು. ಮೊದಲೇ ಹೊರಬಿದ್ದರೆ, ನನ್ನ ವೃತ್ತಿಯ ಮಾತಿನಲ್ಲಿ, ಅವಧಿ ತುಂಬುವ ಮುನ್ನ ಹಿಂತೆಗೆದ ಠೇವಣಿಯಂತೆ.

ಗೋವಾಲಿಯಾ ಟ್ಯಾಂಕಿನ ಸಭೆ ಸೇರಿದ 1942ರಲ್ಲಿಯೇ ಸ್ವೀಡನ್ನಿನ ಆಲ್ಫ್‌ವೆನ್ ಅವರು, ಕಾಂತಕ್ಷೇತ್ರದ ರೇಖೆಗಳು ಮೀಟಿದ ತಂತಿಯಂತೆ ಕಂಪಿಸಬಲ್ಲವೆಂದು ತೋರಿಸಿದ್ದರು. ಅಯಾನುಗಳ ಚಲನೆಯು ಈ ತರಂಗಕ್ಕೆ ಹೊಂದಿಕೊಂಡಾಗ, ಹದವರಿತು ನೂಕಿದ ಉಯ್ಯಾಲೆಯಂತೆ ತರಂಗವು ಅವುಗಳ ಶಕ್ತಿಯಿಂದಲೇ ಬೆಳೆಯುತ್ತದೆ. ಬೆಳೆದು ಅವನ್ನೇ ಹೊರದಬ್ಬುತ್ತದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

1983ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಯಂತ್ರವೊಂದರಲ್ಲಿ ಮೀನಿನ ಮೂಳೆಯನ್ನು ಹೋಲುವ ಕಂಪನಗಳು ಕಂಡುಬಂದವು. ಪ್ರತಿ ಕಂಪನಕ್ಕೂ ಶೀಘ್ರಗಾಮಿ ಅಯಾನುಗಳು ನಷ್ಟವಾಗುತ್ತಿದ್ದವು. 1985ರಲ್ಲಿ ಚೆಂಗ್, ಚೆನ್, ಚಾನ್ಸ್ ಎಂಬ ವಿದ್ವಾಂಸರು, ಬಳೆಯಾಕಾರದ ಪ್ಲಾಸ್ಮಾದಲ್ಲಿ ವಿಶಿಷ್ಟವಾದೊಂದು ಆಲ್ಫ್‌ವೆನ್ ತರಂಗವಿರಬೇಕೆಂದು ಗಣಿತದಿಂದ ಪ್ರತಿಪಾದಿಸಿದರು. 1991ರಲ್ಲಿ ಅದು ಪ್ರಯೋಗದಲ್ಲಿ ಗೋಚರಿಸಿತು. ಇಲ್ಲಿ ಲೆಕ್ಕವು ಕಣ್ಣಿಗಿಂತ ಮುಂದೆ ನಡೆಯಿತು.

ಈ ನಷ್ಟವನ್ನು ಅಳೆಯುವ ಗಣಿತ ಮಾದರಿಗಳಲ್ಲಿ ಎರಡು ಬಗೆಗಳು ಮುಖ್ಯ. ಅಸಂಖ್ಯ ಅಯಾನುಗಳ ಪಥವನ್ನು ಒಂದೊಂದಾಗಿ ಗಣಕಯಂತ್ರದಲ್ಲಿ ಹಿಂಬಾಲಿಸುವುದು ಮೊದಲನೆಯದು. ಇದು ವಿವರವಾದುದು, ಆದರೆ ದೀರ್ಘಶ್ರಮದ್ದು. ಎರಡನೆಯದು ನಮ್ಮ ಕೆರೆಯ ಕೋಡಿಯನ್ನು ನೆನಪಿಸುತ್ತದೆ: ಅಯಾನುಗಳ ಸಾಂದ್ರತೆಯ ಇಳಿಜಾರು ಒಂದು ಮಿತಿಯನ್ನು ಮೀರಿದೊಡನೆ ಹೆಚ್ಚಿನದು ಹರಿದುಹೋಗುತ್ತದೆ, ಎಷ್ಟು ತುಂಬಿದರೂ ಇಳಿಜಾರು ಹೆಚ್ಚೇನೂ ಏರದು. ಇದು ಶೀಘ್ರವಾದುದು, ಆದರೆ ಸ್ಥೂಲವಾದುದು.

ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ 1989ರಲ್ಲಿ ‘ಆದಿತ್ಯ’ ಟೋಕಮಾಕ್ ಕಾರ್ಯಾರಂಭ ಮಾಡಿತು. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ‘ಈಟರ್’ ಯೋಜನೆಯನ್ನು ಭಾರತವು 2005ರಲ್ಲಿ ಸೇರಿತು. ಅದರಲ್ಲಿ ಹೀಲಿಯಂ ಅಯಾನುಗಳೇ ಪ್ಲಾಸ್ಮಾವನ್ನು ಬಹುಪಾಲು ಕಾಯಿಸಬೇಕಾಗಿರುವುದರಿಂದ ಕೋಡಿಯ ಮಟ್ಟವನ್ನು ಮೊದಲೇ ಅರಿಯುವುದು ಅವಶ್ಯಕ. ಭಾಭಾ ಅವರು ಗುರಿಯನ್ನು ತಪ್ಪಾಗಿ ಕಂಡರೆನ್ನಲಾಗದು. ದಾರಿಯ ಉದ್ದವನ್ನು ಅಳೆಯುವ ಕೋಲು ಆಗ ಯಾರ ಕೈಯಲ್ಲಿಯೂ ಇರಲಿಲ್ಲ. ಅದನ್ನು ಮಾಡುವ ಕೆಲಸವೇ ಇಂದಿಗೂ ಸಾಗಿದೆ.