ಬಿಚ್ಚುವ ಅಧಿಕಾರ: ಹೆಣಿಗೆ, ಮನೆ ಶುಚಿ ಮತ್ತು ನೆಮ್ಮದಿಯನ್ನು ಕುರಿತ ಒಂದು ವಾದದ ಮರುಪರಿಶೀಲನೆ

ಹೆಣಿಗೆ ಮನಸ್ಸನ್ನು ಹಗುರ ಮಾಡುತ್ತದೆ ಎಂಬುದು ಈಗ ಬರಿಯ ಅಜ್ಜಿಯರ ಮಾತಲ್ಲ. ಜಿಲ್ ರೈಲಿ, ಬೆಟ್ಸನ್ ಕಾರ್ಕಿಲ್ ಮತ್ತು ಕ್ಲೇರ್ ಮಾರಿಸ್ 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆಗೆ 3,545 ಮಂದಿ ಹೆಣೆಯುವವರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿ, ಹೆಚ್ಚು ಸಂತೋಷ ಕಂಡುಕೊಂಡಂತೆ ಹೇಳಿದರು. ಕ್ರೋಶಾ ಕುರಿತು ಪಿಪ್ಪಾ ಬರ್ನ್ಸ್ ಮತ್ತು ರೋಸ್‌ಮೇರಿ ವ್ಯಾನ್ ಡರ್ ಮೀರ್ 2021ರಲ್ಲಿ ಪ್ರಕಟಿಸಿದ ಸಮೀಕ್ಷೆ ಇನ್ನೂ ದೊಡ್ಡದು: 8,391 ಮಂದಿ ಉತ್ತರಿಸಿದರು, ಅವರಲ್ಲಿ ಶೇಕಡಾ 89.5ರಷ್ಟು ಜನ ಕ್ರೋಶಾದಿಂದ ಮನಸ್ಸು ಶಾಂತವಾಗುತ್ತದೆ ಎಂದರು. ಉತ್ತರಿಸಿದವರೆಲ್ಲ ತಾವಾಗಿ ಮುಂದೆ ಬಂದವರು. ಕಡ್ಡಿಯೊಡನೆ ಜಗಳವಾಡಿ ನೂಲನ್ನು ಅಟ್ಟಕ್ಕೆಸೆದವರ ಮಾತು ಇಂಥ ಸಮೀಕ್ಷೆಗಳಿಗೆ ಸಿಕ್ಕುವುದಿಲ್ಲ. ಈ ಕೊರತೆಯನ್ನು ಸಂಶೋಧಕರೂ ಬಲ್ಲರು. ಅಷ್ಟನ್ನು ಕಳೆದರೂ ಉಳಿಯುವ ಸಂಗತಿ ದೊಡ್ಡದೇ. ಇಲ್ಲಿ ನನ್ನ ತಕರಾರು ಸಂಗತಿಯ ಮೇಲಲ್ಲ, ಅದಕ್ಕೆ ಕೊಡಲಾಗುವ ಕಾರಣದ ಮೇಲೆ. (ಈ ಲೇಖನದಲ್ಲಿ ಹೆಣಿಗೆ ಎಂದರೆ ಎರಡು ಕಡ್ಡಿಗಳ ಕೆಲಸ, ಕ್ರೋಶಾ ಎಂದರೆ ಒಂದೇ ಕೊಕ್ಕೆಯದು.)

ಆ ಕಾರಣವನ್ನು ಹೆಚ್ಚು ಸ್ಪಷ್ಟವಾಗಿ ಹೇಳಿದವರು ಕಾರ್ಕಿಲ್. ಮೂಲತಃ ಭೌತಚಿಕಿತ್ಸಕಿಯಾದ ಅವರು ಎರಡೂ ಕೈಗಳ ಲಯಬದ್ಧ, ಪುನರಾವರ್ತಿತ ಚಲನೆಗೆ ಪ್ರಮುಖ ಸ್ಥಾನ ಕೊಡುತ್ತಾರೆ. ಅವರ ವಾದ ಇದೊಂದರ ಮೇಲೆ ನಿಂತಿಲ್ಲ. ನಾಲ್ಕು ಜನರ ನಡುವೆ ಕೂತು ಹೆಣೆಯುವುದರ, ಕೈಚೀಲದಲ್ಲಿ ಎಲ್ಲಿಗಾದರೂ ಒಯ್ಯಬಹುದಾದುದರ ಮಹತ್ವವನ್ನೂ ಅವರು ಹೇಳಿದ್ದಾರೆ. ಆದರೆ ಜನಪ್ರಿಯ ಬರವಣಿಗೆಯಲ್ಲಿ ಉಳಿದುಕೊಂಡಿರುವುದು ಲಯದ ಮಾತೊಂದೇ, ಜಪಮಣಿ ಎಣಿಸುವುದಕ್ಕೂ ಕುಣಿಕೆ ಎಣಿಸುವುದಕ್ಕೂ ಹೋಲಿಕೆ ಹೇಳುವಷ್ಟರ ಮಟ್ಟಿಗೆ. ಈಚೆಗೆ ಅದೇ ತರ್ಕ ಮನೆ ಶುಚಿಗೂ ಹಬ್ಬಿದೆ: ಗುಡಿಸುವುದು, ಒರೆಸುವುದು, ಮಡಿಸಿಡುವುದು ಕೂಡ ಲಯವುಳ್ಳ ಪುನರಾವರ್ತನೆಗಳೇ, ಆದ್ದರಿಂದ ವಸಂತದ ಶುಚಿಕಾರ್ಯವೂ ಹೆಣಿಗೆಯೂ ಒಂದೇ ಔಷಧದ ಎರಡು ಗುಳಿಗೆಗಳು ಎಂಬಂತೆ. ಈ ಸಮೀಕರಣವೇ ವಾದದ ದುರ್ಬಲ ಕೊಂಡಿಯನ್ನು ಹೊರಗೆಡಹುತ್ತದೆ. ಲಯವೇ ಕಾರಣವಾಗಿದ್ದರೆ ದಿನಕ್ಕೆರಡು ಸಲ ಕಸ ಗುಡಿಸುವವರು ನಮ್ಮಲ್ಲಿ ಎಲ್ಲರಿಗಿಂತ ನೆಮ್ಮದಿಯಿಂದ ಇರಬೇಕಿತ್ತು.

ಶುಚಿಕಾರ್ಯವನ್ನೇ ಪ್ರಯೋಗಕ್ಕೆ ಒಡ್ಡಿದ ಎರಡು ಅಧ್ಯಯನಗಳನ್ನು ಹೆಣಿಗೆಯ ಸಾಹಿತ್ಯದ ಪಕ್ಕದಲ್ಲಿಟ್ಟು ಓದಬೇಕು. ಮಾರ್ಟಿನ್ ಲಾಂಗ್ ಮತ್ತು ಸಂಗಡಿಗರು 2015ರಲ್ಲಿ ಕರೆಂಟ್ ಬಯಾಲಜಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರಿಗೆ ಒಂದು ವಸ್ತುವಿನ ಬಗ್ಗೆ ತಜ್ಞರ ಮುಂದೆ ಭಾಷಣ ಮಾಡಬೇಕೆಂದು ಹೇಳಿ ಆತಂಕ ಹುಟ್ಟಿಸಲಾಯಿತು. ಬಳಿಕ ಆ ವಸ್ತುವನ್ನು ಬಟ್ಟೆಯಿಂದ ಒರೆಸಿ ಶುಚಿಮಾಡಲು ಕೊಟ್ಟು, ಕೈಗಳ ಚಲನೆಯನ್ನು ಉಪಕರಣದಿಂದ ಅಳೆಯಲಾಯಿತು. ಆತಂಕ ಹೆಚ್ಚಿದವರ ಒರೆಸುವಿಕೆ ಹೆಚ್ಚು ಪುನರಾವರ್ತಿತವೂ ಬಿಗಿಯೂ ಆಗಿತ್ತು. ಇಲ್ಲಿ ಪುನರಾವರ್ತನೆ ನೆಮ್ಮದಿಯ ಗುರುತಲ್ಲ, ಕಳವಳದ ಗುರುತು. ಅದೇ ವರ್ಷ ಆಡಮ್ ಹ್ಯಾನ್ಲಿ ಮತ್ತು ಸಂಗಡಿಗರು 51 ವಿದ್ಯಾರ್ಥಿಗಳಿಗೆ ಪಾತ್ರೆ ತೊಳೆಯಲು ಕೊಟ್ಟರು. ನೀರಿನ ಬಿಸುಪು, ಸೋಪಿನ ವಾಸನೆ, ಕೈಗೆ ತಾಗುವ ಪಾತ್ರೆ ಇವುಗಳ ಮೇಲೆ ಗಮನವಿಡುವಂತೆ ಹೇಳುವ ಬರಹ ಓದಿ ತೊಳೆದವರಲ್ಲಿ ಅಧೈರ್ಯ ಶೇಕಡಾ 27ರಷ್ಟು ಇಳಿಯಿತು. ಪಾತ್ರೆ ತೊಳೆಯುವ ಕ್ರಮವನ್ನಷ್ಟೇ ವಿವರಿಸುವ ಬರಹ ಓದಿದವರಲ್ಲಿ ಆ ಲಾಭ ಕಾಣಲಿಲ್ಲ. ಎರಡೂ ಗುಂಪಿನ ಕೆಲಸ ಒಂದೇ, ಪಾತ್ರೆಗಳು ಅವೇ. ಫಲ ಬೇರೆಯಾದದ್ದು ಕೈಯ ಚಲನೆಯಿಂದ ಅಲ್ಲ ಎಂಬುದು ಸ್ಪಷ್ಟ.

ಇದಕ್ಕೊಂದು ಆಕ್ಷೇಪ ಸಹಜ. ಜ್ವರ ರೋಗದ ಲಕ್ಷಣವೂ ಹೌದು, ದೇಹದ ಪ್ರತಿರೋಧವೂ ಹೌದು. ಹಾಗೆಯೇ ಆತಂಕಗೊಂಡವರು ಒರೆಸಿದ್ದನ್ನೇ ಒರೆಸುವುದು ಆತಂಕವನ್ನು ಹತೋಟಿಗೆ ತಂದುಕೊಳ್ಳುವ ಉಪಾಯವೂ ಇರಬಹುದಲ್ಲ? ಲಾಂಗ್ ತಂಡದ ವಿವರಣೆಯೇ ಆ ದಿಕ್ಕಿನದು. ಇದನ್ನು ಒಪ್ಪಿಕೊಂಡರೂ ಪ್ರಶ್ನೆ ಉಳಿಯುತ್ತದೆ: ಒಂದೇ ಉಪಾಯ ಒಂದೆಡೆ ಫಲಿಸಿ ಇನ್ನೊಂದೆಡೆ ಏಕೆ ಸೋಲುತ್ತದೆ? ಉತ್ತರಕ್ಕೆ ಪ್ರಯೋಗಾಲಯ ಬಿಟ್ಟು ಗೋದಾವರಿ ಮುಖಜಭೂಮಿಗೆ ಬರಬೇಕು. ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ನರಸಾಪುರದ ಲೇಸ್ ಕೆಲಸಗಾರ್ತಿಯರ ಅಧ್ಯಯನ ಅರ್ಥಶಾಸ್ತ್ರದ, ಸ್ತ್ರೀವಾದದ ತರಗತಿಗಳಲ್ಲಿ ಓದಿಸಲ್ಪಡುತ್ತದೆ. ನೆಮ್ಮದಿಯ ಸಂಶೋಧಕರು ಅದನ್ನು ಮುಟ್ಟಿದಂತಿಲ್ಲ. ಆದರೆ ಅದು ಕ್ರೋಶಾದ ಕುರಿತ ಪುಸ್ತಕವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಬಂದ ಕೊಕ್ಕೆಯ ಲೇಸು ಅಲ್ಲಿ ಪೇಟೆಯ ಸರಕಾಯಿತು. ಬಿಡಿ ಹೂ ಹೆಣೆಯುವವರು ಒಬ್ಬರು, ಜೋಡಿಸುವವರು ಇನ್ನೊಬ್ಬರು, ಮಾರುವವರು ಮತ್ತೊಬ್ಬರು. ಮನೆಗೆಲಸದ ಮೇಲೆ ದಿನಕ್ಕೆ ಹಲವು ಗಂಟೆ ಕೊಕ್ಕೆ ಆಡಿಸಿದವರಿಗೆ ಸಿಕ್ಕುತ್ತಿದ್ದುದು ಪುಡಿಗಾಸು. ಇದನ್ನು ಗೃಹಿಣಿಯರ ಬಿಡುವಿನ ಕೆಲಸ ಎಂದು ಕರೆದದ್ದೇ ಕೂಲಿಯನ್ನು ಅಷ್ಟು ಕೆಳಗಿಡಲು ನೆರವಾಯಿತು ಎಂಬುದು ಮೀಸ್ ಅವರ ಮುಖ್ಯ ವಾದ.

ನರಸಾಪುರದ ಕೈಗಳ ಲಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಸಮೀಕ್ಷೆಗಳಲ್ಲಿ ಶಾಂತಿ ಸಿಕ್ಕಿತೆಂದ ಅನೇಕರಿಗಿಂತ ಅವರ ಕುಣಿಕೆಗಳು ಸಮನಾಗಿದ್ದವು ಎಂದರೂ ತಪ್ಪಾಗಲಾರದು. ಇರದಿದ್ದುದು ಎರಡು ಅಧಿಕಾರಗಳು: ಬಿಚ್ಚುವುದು ಮತ್ತು ನಿಲ್ಲಿಸುವುದು. ಹೆಣಿಗೆ, ಕ್ರೋಶಾ ಎರಡೂ ಹಲವು ಕರಕುಶಲಗಳಿಂದ ಬೇರೆಯಾಗುವುದು ಇಲ್ಲೇ. ಮಡಕೆ ಒಡೆದರೆ ಒಡೆಯಿತು, ಮರ ಕೊಯ್ದರೆ ಕೊಯ್ದಂತೆಯೇ; ಆದರೆ ಹೆಣೆದ ಬಟ್ಟೆ ಒಂದೇ ಎಳೆಯ ನೂಲು, ತುದಿ ಹಿಡಿದು ಎಳೆದರೆ ತಪ್ಪಿದ ಸಾಲಿನವರೆಗೂ ಹಿಂದಕ್ಕೆ ಬರುತ್ತದೆ, ನೂಲು ನಷ್ಟವಾಗುವುದಿಲ್ಲ. (ಮೊಹೇರ್‌ನಂಥ ಕೂದಲೆಳೆಯ ನೂಲು ತನ್ನೊಳಗೇ ಸಿಕ್ಕಿಕೊಳ್ಳುವುದರಿಂದ ಈ ಮಾತಿಗೆ ಒಗ್ಗದು.) ನಿಲ್ಲಿಸುವ ವಿಷಯದಲ್ಲಿ ಎರಡರ ನಡುವೆಯೂ ವ್ಯತ್ಯಾಸವಿದೆ. ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ, ಒಂದು ಜಾರಿದರೆ ಕೆಳಗಿನವೂ ಸಾಲಾಗಿ ಜಾರುತ್ತವೆ; ಹಾಗಾಗಿ ಸಾಲು ಮುಗಿಸಿ ನಿಲ್ಲುವುದು ರೂಢಿ. ಸಾಮಾನ್ಯ ಕ್ರೋಶಾದಲ್ಲಿ ತೆರೆದಿರುವುದು ಒಂದೇ ಕುಣಿಕೆ. ಅದನ್ನು ಕೊಂಚ ಎಳೆದು ದೊಡ್ಡದು ಮಾಡಿ ಕೊಕ್ಕೆ ತೆಗೆದರೆ, ಒಲೆಯ ಮೇಲೆ ಹಾಲು ಉಕ್ಕುವಾಗಲೂ ಎದ್ದು ಹೋಗಬಹುದು. ನನ್ನ ಪ್ರತಿಪಾದನೆ ಇಷ್ಟು: ಹೆಣಿಗೆಯ ನೆಮ್ಮದಿಯಲ್ಲಿ ಲಯಕ್ಕಿಂತ ಹೆಚ್ಚಿನ ಪಾಲು ಈ ಎರಡು ಅಧಿಕಾರಗಳದು. ತಪ್ಪಿಗೆ ಶಿಕ್ಷೆ ಇಲ್ಲ, ನಿಲುಗಡೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ಹೇಳುವಾಗಲೇ ಮೂರು ಮಿತಿಗಳನ್ನು ಸೇರಿಸಬೇಕು. ಮೀಸ್ ಅಳೆದದ್ದು ಕೂಲಿಯನ್ನೂ ಸಂಬಂಧಗಳನ್ನೂ, ಮನಃಸ್ಥಿತಿಯನ್ನಲ್ಲ. ನರಸಾಪುರದ ಹೆಂಗಸರಿಗೆ ಕೊಕ್ಕೆ ಹಿಡಿದಾಗ ಯಾವ ಸಮಾಧಾನವೂ ಇರಲಿಲ್ಲ ಎಂದು ಅವರ ಪುಸ್ತಕದಿಂದ ತೀರ್ಮಾನಿಸಲಾಗದು. ಬಡತನ ಮತ್ತು ದಣಿವು ಲಯದ ಫಲವನ್ನು ನುಂಗಿಹಾಕಿರಬಹುದು, ಆಗ ಲಯಕ್ಕೆ ದೋಷ ಹೊರಿಸುವುದು ನ್ಯಾಯವಲ್ಲ. ಕೊನೆಯದಾಗಿ, ಲಯ ಬೇಕಾದ ಅಂಶವೇ ಆಗಿದ್ದು, ಅದೊಂದೇ ಸಾಲದು ಎಂದಿರಲೂಬಹುದು. ನಾನು ನಿರಾಕರಿಸುತ್ತಿರುವುದು ‘ಅದೊಂದೇ ಸಾಕು’ ಎಂಬುದನ್ನು ಮಾತ್ರ.

ಈ ಅಳತೆಗೋಲು ಹಿಡಿದು ಮನೆ ಶುಚಿಯನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ 2010ರಲ್ಲಿ ಪ್ರಕಟಿಸಿದ ಲಾಸ್ ಏಂಜಲಿಸ್ ಅಧ್ಯಯನದಲ್ಲಿ, ದುಡಿಯುವ 30 ದಂಪತಿಗಳು ತಮ್ಮ ಮನೆಯನ್ನು ತಾವೇ ತೋರಿಸುತ್ತ ವಿವರಿಸಿದರು. ಮನೆಯ ಬಗ್ಗೆ ಹೇಳುವಾಗ ಅಸ್ತವ್ಯಸ್ತ, ಅಪೂರ್ಣ ಎಂಬಂಥ ಮಾತುಗಳನ್ನು ಹೆಚ್ಚು ಬಳಸಿದ ಹೆಂಡತಿಯರಲ್ಲಿ, ಸಂಜೆಯ ಹೊತ್ತಿಗೆ ಇಳಿಯಬೇಕಾದ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಆ ನಂಟು ಕಾಣಲಿಲ್ಲ. ರಾಶಿ ಬಿದ್ದ ಸಾಮಾನೇ ಒತ್ತಡಕ್ಕೆ ಮೂಲ ಎಂದು ಇದನ್ನು ಉಲ್ಲೇಖಿಸುವುದು ವಾಡಿಕೆ. ಅದೇ ಸೋಫಾ, ಅದೇ ರಾಶಿ ಇಬ್ಬರ ಕಣ್ಣಿಗೂ ಬಿದ್ದಿತ್ತಲ್ಲ! ಒಬ್ಬರ ದೇಹ ಮಾತ್ರ ಅದಕ್ಕೆ ಉತ್ತರಿಸಿತೆಂದರೆ, ವ್ಯತ್ಯಾಸ ಇರುವುದು ರಾಶಿಯಲ್ಲಲ್ಲ, ಅದು ಯಾರನ್ನು ಕರೆಯುತ್ತಿದೆ ಎಂಬುದರಲ್ಲಿ. ಅರ್ಧ ಹೆಣೆದ ಸ್ವೆಟರ್ ವರ್ಷವಿಡೀ ಚೀಲದಲ್ಲಿದ್ದರೂ ಬಂದ ನೆಂಟರು ಯಾರನ್ನೂ ಅಳೆಯುವುದಿಲ್ಲ. ಅರ್ಧ ಒರೆಸಿದ ಪಡಸಾಲೆಯಿಂದ ಮನೆಯ ಹೆಂಗಸನ್ನು ಅಳೆಯುತ್ತಾರೆ. ಹೆಣಿಗೆಯನ್ನು ಬಿಚ್ಚುವವಳು ಹೆಣೆದವಳೇ; ಗುಡಿಸಿದ್ದನ್ನು ಬಿಚ್ಚುವುದು ಉಳಿದವರ ಕಾಲು. ಭಾರತದ 2019ರ ಕಾಲ ಬಳಕೆ ಸಮೀಕ್ಷೆಯಂತೆ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಗಂಡಸರು 97. ಮನೆಗೆಲಸವನ್ನು, ಬೆಟ್ಟ ಹತ್ತಿಸಿದಷ್ಟು ಸಲವೂ ಕೆಳಗುರುಳುವ ಸಿಸಿಫಸ್‌ನ ಬಂಡೆಗೆ ಹೋಲಿಸಿದ ಸಿಮೋನ್ ದ ಬೊವಾ ಅವರ 1949ರ ಮಾತು ಇಲ್ಲಿ ನೆನಪಾಗುವುದು ಸಹಜ, ಆದರೆ ಸಿಸಿಫಸ್‌ನ ಬಂಡೆ ತಾನಾಗಿ ಉರುಳುತ್ತಿತ್ತು.

ಹಾಗಾದರೆ ಹಬ್ಬದ ಶುಚಿ? ನನ್ನ ವಾದಕ್ಕೆ ಇದೇ ಬಲವಾದ ಪ್ರತಿಸಾಕ್ಷ್ಯ. ಯುಗಾದಿಗೆ ಮುಂಚೆ ಜೇಡರಬಲೆ ತೆಗೆದು, ಸುಣ್ಣ ಬಳಿದು, ಅಟ್ಟದ ಪಾತ್ರೆ ಇಳಿಸಿ ತಿಕ್ಕುವುದನ್ನು ಯಾರೂ ತಾವಾಗಿ ಆರಿಸಿಕೊಂಡಿಲ್ಲ; ದಿನ ಗೊತ್ತುಮಾಡುವುದು ಪಂಚಾಂಗ. ಇರಾನಿನಲ್ಲಿ ನೌರೋಜ್‌ಗೆ ಮುನ್ನ ನಡೆಯುವ ಖಾನೆ ತೆಕಾನಿಯೂ ಹಾಗೆಯೇ. ಅದರ ಅರ್ಥ ಮನೆಯನ್ನು ಅಲುಗಿಸಿ ಜಾಡಿಸುವುದು. (ನಮ್ಮ ಕಾರ್ಖಾನೆ, ದವಾಖಾನೆಗಳಲ್ಲಿರುವ ಖಾನೆ ಇದೇ ಪಾರಸಿ ಪದ.) ಆಯ್ಕೆಯಿಲ್ಲದ ಈ ದುಡಿಮೆಯ ಕೊನೆಗೂ ಒಂದು ಹಗುರತನ ಉಂಟೆಂಬುದನ್ನು ಅಲ್ಲಗಳೆಯುವುದು ಹಟವಾದೀತು. ಆದರೆ ಗಡುವಿಗೆ ಎರಡು ಮುಖ. ಪಾಡ್ಯದ ಬೆಳಗಾದ ಮೇಲೆ ಉಳಿದ ಕಸ ಉಳಿದಂತೆಯೇ, ಆ ದಿನ ಯಾರೂ ಅಟ್ಟ ಹತ್ತುವುದಿಲ್ಲ. ನಿತ್ಯದ ಗುಡಿಸುವಿಕೆಗೆ ಇಲ್ಲದ ನಿಲುಗಡೆಯನ್ನು ಪಂಚಾಂಗ ಹೊರಗಿನಿಂದ ತಂದುಕೊಡುತ್ತದೆ. ಮನೆಯ ಗಂಡಸರು, ಮಕ್ಕಳು ಏಣಿ ಹಿಡಿಯುವುದೂ ಬಹುಪಾಲು ಆಗಲೇ. ಆದ್ದರಿಂದ ನಿಲ್ಲಿಸುವ ಅಧಿಕಾರ ವ್ಯಕ್ತಿಯದೇ ಆಗಿರಬೇಕೆಂದಿಲ್ಲ, ಎಲ್ಲರೂ ಒಪ್ಪಿದ ನಿಲುಗಡೆ ಒಂದಿರಬೇಕು ಎಂದು ನನ್ನ ಪ್ರತಿಪಾದನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಈ ತಿದ್ದುಪಡಿ ಅದನ್ನು ದುರ್ಬಲಗೊಳಿಸುವುದಿಲ್ಲ ಎಂದು ಭಾವಿಸುತ್ತೇನೆ, ಸಡಿಲಗೊಳಿಸುವುದಂತೂ ನಿಜ.

ಶುಚಿಗೂ ಹೆಣಿಗೆಗೂ ನಿಜವಾದ ನಂಟು ಹುಡುಕುವವರಿಗೆ ನಮ್ಮಲ್ಲೇ ಇರುವ ನಿದರ್ಶನ ಕೌದಿ. ಅದು ಹೆಣಿಗೆಯಲ್ಲ, ಹೊಲಿಗೆ. ಆದರೂ ಇಲ್ಲಿ ಅದಕ್ಕೆ ಜಾಗವಿದೆ. ಮನೆ ಶುಚಿಯಲ್ಲಿ ಮನಸ್ಸಿಗೆ ಭಾರವಾಗುವುದು ತಿಕ್ಕುವುದಲ್ಲ, ಬಿಸಾಡುವ ನಿರ್ಧಾರ. ಬಿಸಾಡಿದ್ದನ್ನು ಬಿಚ್ಚಿ ಹಿಂದಕ್ಕೆ ತರಲಾಗದು. ಹರಿದ ಸೀರೆ, ಸವೆದ ಧೋತರ ಕೌದಿಗೆ ಹೋಗುತ್ತವೆಂದಾದರೆ ಆ ನಿರ್ಧಾರವೇ ಕರಗುತ್ತದೆ, ಬಟ್ಟೆ ಮನೆ ಬಿಡದೆ ಪೆಟ್ಟಿಗೆಯಿಂದ ಹಾಸಿಗೆಗೆ ಬರುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರ ಕೌದಿಯನ್ನು ಕುರಿತು ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವಿವರವಾಗಿ ಬರೆದಿದ್ದಾರೆ: ಹೊಲಿಗೆ ಅಂಚಿನಲ್ಲಿ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ, ನಾಲ್ಕು ಮೂಲೆಗೂ ಮಡಿಸಿದ ತುಂಡುಗಳ ಹೂವು ಬೀಳುತ್ತದೆ. ಎಲ್ಲಿ ಮುಗಿಯಬೇಕೆಂಬುದು ಮೊದಲ ಹೊಲಿಗೆಯಲ್ಲೇ ಗೊತ್ತಾಗಿರುವ ಕೆಲಸ ಇದು. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮುಂಚೆ ಹಾಸಿಗೆ ಕೌದಿಗಳನ್ನೆಲ್ಲ ಹಳ್ಳಕ್ಕೊಯ್ದು ಒಗೆಯುವ ರೂಢಿ ನೆನೆದರೆ, ಒಂದು ಶುಚಿಯಿಂದ ಹುಟ್ಟಿದ ವಸ್ತು ಇನ್ನೊಂದು ಶುಚಿಯ ಮುಖ್ಯ ಹೊರೆಯಾಗುವುದೂ ಕಾಣುತ್ತದೆ. ನೆನೆದ ಕೌದಿಯ ಭಾರ ಎತ್ತಿದವರಿಗೇ ಗೊತ್ತು, ಅದನ್ನು ಮರೆತು ಕೌದಿಯನ್ನು ಕೊಂಡಾಡುವುದು ಸಲ್ಲದು.

ಒತ್ತಡವಿಲ್ಲದ ಶುಚಿ ಎಂಬ ಮಾತಿಗೆ ಅರ್ಥವಿದ್ದರೆ, ಇಡೀ ಮನೆಯ ಬದಲು ಒಂದು ಕಪಾಟನ್ನು ಕೆಲಸದ ಅಳತೆಯಾಗಿ ಹಿಡಿದು, ಆ ಕಪಾಟಿಗೆ ಮುಗಿಯುವ ಹಕ್ಕನ್ನು ಮನೆಯವರೆಲ್ಲ ಮಾನ್ಯ ಮಾಡುವುದರಲ್ಲಿದೆ. ಉಸಿರಿನ ಲಯ, ಕೈಯ ಲಯಗಳ ಉಪದೇಶ ಅದರ ಮುಂದೆ ಎರಡನೆಯ ಮಾತು. ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ: ಒಂದೇ ನೂಲು, ಒಂದೇ ನಮೂನೆ, ಒಂದೇ ವೇಳೆ ಕೊಟ್ಟು, ಒಂದು ಗುಂಪಿಗೆ ಬಿಚ್ಚಲು, ನಿಲ್ಲಿಸಲು ಬಿಟ್ಟು, ಇನ್ನೊಂದಕ್ಕೆ ತಡೆದು ನೋಡಬಹುದು. ಎರಡೂ ಗುಂಪಿಗೆ ಸಮಾನ ಶಾಂತಿ ಸಿಕ್ಕರೆ ನನ್ನ ವಾದ ಬೀಳುತ್ತದೆ, ಕಾರ್ಕಿಲ್ ಅವರದು ನಿಲ್ಲುತ್ತದೆ. ಶುಚಿಯ ಕಡೆಗೆ ಬಂದರೆ ಪ್ರಶ್ನೆ ಇನ್ನಷ್ಟು ತೊಡಕಿನದು, ಏಕೆಂದರೆ ಈ ಅಧ್ಯಯನಗಳು ಒಂದೇ ಹೆಸರಿನಡಿ ಕಟ್ಟುವುದನ್ನು ಕನ್ನಡ ಗುಡಿಸು, ಜಾಡಿಸು, ಒರೆಸು, ತಿಕ್ಕು, ಬಳಿ, ಸಾರಿಸು ಎಂದು ಬಿಡಿಸಿ ಹೇಳುತ್ತದೆ, ಮತ್ತು ಇವುಗಳ ನಿಲುಗಡೆಗಳು ಒಂದೇ ತೆರನಲ್ಲ. ಗುಡಿಸಿದ ನೆಲವನ್ನು ಆ ಕ್ಷಣವೇ ತುಳಿಯುತ್ತಾರೆ. ಸೆಗಣಿ ಸಾರಿಸಿದ ನೆಲವನ್ನು ಒಣಗುವವರೆಗೆ ಯಾರೂ ತುಳಿಯುವಂತಿಲ್ಲ, ಸಾರಿಸಿದವಳು ಹೊಸಿಲಾಚೆ ಕೂತು ಕಾಯುತ್ತಾಳೆ. ಆ ಕಾಯುವ ಹೊತ್ತನ್ನು ಕೆಲಸದೊಳಗೆ ಎಣಿಸಬೇಕೋ ಬಿಡುವಿನೊಳಗೆ ಎಣಿಸಬೇಕೋ ಎಂಬುದು ಬಗೆಹರಿಯದೆ ಎರಡು ಶುಚಿಗಳ ಹೋಲಿಕೆಯನ್ನು ಶುರುಮಾಡುವಂತಿಲ್ಲ.